ಅಂಬೇಡ್ಕರ್ ಪ್ರಬಂಧವನ್ನು ಲಂಡನ್ನಿನಲ್ಲಿ ತಿರಸ್ಕರಿಸಿದ್ದು ನಿಜವೇ? ಫಾರ್ವರ್ಡ್‌ಗಳು ಹೇಳದೇ ಬಿಡುವ ಅರ್ಧ ಕಥೆ

ಏಪ್ರಿಲ್ 14 ಹತ್ತಿರ ಬಂತೆಂದರೆ ನಮ್ಮ ನಿಮ್ಮೆಲ್ಲರ ಫೋನಿನಲ್ಲಿ ಒಂದೇ ಬಗೆಯ ಸಂದೇಶಗಳು ಓಡಾಡತೊಡಗುತ್ತವೆ. ನೀಲಿ ಕೋಟಿನ ಚಿತ್ರ, ಅದರ ಕೆಳಗೆ ಪದವಿಗಳ ಉದ್ದನೆಯ ಪಟ್ಟಿ. ಎಂಟು ವರ್ಷದ ಓದನ್ನು ಎರಡು ವರ್ಷ ಮೂರು ತಿಂಗಳಲ್ಲೇ ಮುಗಿಸಿದರು ಎಂದು ಒಂದು ಹೇಳುತ್ತದೆ. ಅವರ ಪ್ರಬಂಧ ನೋಡಿ ಬ್ರಿಟಿಷರು ನಡುಗಿದರು, ಅದಕ್ಕೇ ತಿರಸ್ಕರಿಸಿದರು ಎಂದು ಇನ್ನೊಂದು ಹೇಳುತ್ತದೆ. ಆ ಪ್ರಬಂಧದಿಂದಲೇ ರಿಸರ್ವ್ ಬ್ಯಾಂಕ್ ಹುಟ್ಟಿತು ಎಂದು ಮತ್ತೊಂದು.

ಅದೇ ಫೋನಿಗೆ ವರ್ಷವಿಡೀ ಬರುವ ಬೇರೊಂದು ಸಂದೇಶವಿದೆ. ನಿಮ್ಮ ಸಂಶೋಧನಾ ಲೇಖನ ಮೂರೇ ದಿನದಲ್ಲಿ ಅಂತರರಾಷ್ಟ್ರೀಯ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ, ರಿಜೆಕ್ಟ್ ಆಗುವ ಚಿಂತೆಯೇ ಇಲ್ಲ, ಹಣ ಕಟ್ಟಿದರೆ ಸಾಕು, ಸರ್ಟಿಫಿಕೇಟ್ ಉಚಿತ ಎನ್ನುವುದು ಅದರ ಧಾಟಿ.

ಇವೆರಡಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಮನೆತನದಲ್ಲೇ ಮೊದಲ ಬಾರಿಗೆ ಎಂ.ಎ., ಎಂ.ಎಸ್ಸಿ. ಮುಗಿಸಿ ಪಿಎಚ್.ಡಿ.ಗೆ ಸೇರಿದ ಮಕ್ಕಳು ಈಗ ಅನೇಕರಿದ್ದಾರೆ. ಅವರು ಕಷ್ಟಪಟ್ಟು ಬರೆದ ಲೇಖನ ಜರ್ನಲ್‌ನಿಂದ ವಾಪಸು ಬಂದಾಗ ಮನೆಯಲ್ಲಿ ಅದನ್ನು ಬಿಡಿಸಿ ಹೇಳುವವರು ಯಾರೂ ಇರುವುದಿಲ್ಲ. ನನ್ನಿಂದ ಇದು ಆಗುವ ಕೆಲಸವಲ್ಲ ಎಂದು ಓದು ಬಿಡುವವರುಂಟು. ಮೂರು ದಿನದ ಜರ್ನಲ್‌ಗೆ ಹಣ ಕಟ್ಟುವವರೂ ಉಂಟು. ಅಂಥವರಿಗೆ ಬೇಕಾಗಿರುವುದು ಡಾ. ಅಂಬೇಡ್ಕರ್ ಅವರ ಜೀವನದ ಒಂದು ಭಾಗ. ಫಾರ್ವರ್ಡ್‌ಗಳು ಹೊಳಪು ಕೊಡುವ ಭರದಲ್ಲಿ ಅಳಿಸಿಹಾಕುವುದು ಅದೇ ಭಾಗವನ್ನು. ಅದನ್ನು ನಾವು ಮೊದಲಿಂದ ನೋಡೋಣ.

ಶಾಲೆಯಿಂದ ನ್ಯೂಯಾರ್ಕ್‌ವರೆಗೆ

ಭೀಮರಾವ್ ಹುಟ್ಟಿದ್ದು 1891ರ ಏಪ್ರಿಲ್ 14ರಂದು, ಮಧ್ಯ ಭಾರತದ ಮಹೂ ಎಂಬ ಸೇನಾ ಠಾಣೆಯಲ್ಲಿ. ತಂದೆ ರಾಮಜಿ ಸೇನೆಯಲ್ಲಿ ಸುಬೇದಾರರು. ಮನೆತನದ ಮೂಲ ಊರು ರತ್ನಾಗಿರಿ ಸೀಮೆಯ ಅಂಬಡವೆ. ಅಸ್ಪೃಶ್ಯರೆಂದು ದೂರ ಇಟ್ಟ ಜಾತಿಯಲ್ಲಿ ಹುಟ್ಟಿದ್ದರಿಂದ ಶಾಲೆಯಲ್ಲಿ ಬೇರೆ ಮಕ್ಕಳ ಜೊತೆ ಕೂರುವಂತಿರಲಿಲ್ಲ, ನೀರಿನ ಪಾತ್ರೆ ಮುಟ್ಟುವಂತಿರಲಿಲ್ಲ. 1907ರಲ್ಲಿ ಮುಂಬಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಿಂದ ಮೆಟ್ರಿಕ್ ಪಾಸಾದರು. ಮುಂದೆ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು.

1913ರಲ್ಲಿ ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರು ಮೂರು ವರ್ಷದ ವಿದ್ಯಾರ್ಥಿವೇತನ ಕೊಟ್ಟರು. ಅದೇ ವರ್ಷ ಅಂಬೇಡ್ಕರ್ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಸೇರಿದರು. ಅಲ್ಲಿ ಅವರಿಗೆ ಸಿಕ್ಕ ಗುರುಗಳಲ್ಲಿ ಅರ್ಥಶಾಸ್ತ್ರಜ್ಞ ಎಡ್ವಿನ್ ಸೆಲಿಗ್ಮನ್ ಒಬ್ಬರು. 1915ರಲ್ಲಿ ಎಂ.ಎ. ಆಯಿತು.

1916ರ ಮೇ ತಿಂಗಳಲ್ಲಿ ಗೋಲ್ಡನ್‌ವೈಸರ್ ಎಂಬ ಪ್ರಾಧ್ಯಾಪಕರ ಮಾನವಶಾಸ್ತ್ರ ಸೆಮಿನಾರಿನಲ್ಲಿ ಭಾರತದ ಜಾತಿಗಳ ಬಗ್ಗೆ ಒಂದು ಪ್ರಬಂಧ ಓದಿದರು. ಅದು ಮರುವರ್ಷ, 1917ರ ಮೇನಲ್ಲಿ, 'ಇಂಡಿಯನ್ ಆಂಟಿಕ್ವರಿ' ಎಂಬ ವಿದ್ವತ್ ಪತ್ರಿಕೆಯಲ್ಲಿ ಅಚ್ಚಾಯಿತು. ಆಗ ಅವರಿಗೆ 26 ವರ್ಷ. ಜರ್ನಲ್‌ನಲ್ಲಿ ಲೇಖನ ಬರುವುದೆಂದರೇನು ಎಂಬುದು ಅವರಿಗೆ ಆಗಲೇ ಗೊತ್ತಾಗಿತ್ತು. ಮುಂದೆ ತಿರಸ್ಕಾರ ಬಂದದ್ದು ಹೊಸಬನಿಗಲ್ಲ, ಆಗಲೇ ಬರೆದು ಪ್ರಕಟಿಸಿದ್ದ ವಿದ್ವಾಂಸನಿಗೆ. ಇದನ್ನು ನೆನಪಿಡಿ.

ಅರ್ಧಕ್ಕೆ ನಿಂತ ಓದು

1916ರಲ್ಲೇ ಅವರು ಲಂಡನ್ನಿಗೆ ಹೋಗಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. ಗ್ರೇಸ್ ಇನ್‌ನಲ್ಲಿ ಕಾನೂನು ಓದಿಗೂ ಹೆಸರು ಹಚ್ಚಿದರು. ಆದರೆ 1917ರಲ್ಲಿ ವಿದ್ಯಾರ್ಥಿವೇತನ ಮುಗಿಯಿತು, ಊರಿಗೆ ಮರಳಬೇಕಾಯಿತು. ನಾಲ್ಕು ವರ್ಷದೊಳಗೆ ಬಂದು ಓದು ಮುಂದುವರಿಸಬಹುದು ಎಂಬ ಅನುಮತಿಯೊಂದೇ ಕೈಯಲ್ಲಿತ್ತು. ಆಗ ಮೊದಲ ಮಹಾಯುದ್ಧ ನಡೆಯುತ್ತಿತ್ತು. ಅವರ ಪುಸ್ತಕಗಳನ್ನು ಹೊತ್ತ ಬೇರೊಂದು ಹಡಗು ಜರ್ಮನ್ ಜಲಾಂತರ್ಗಾಮಿಯ ದಾಳಿಗೆ ಸಿಕ್ಕಿ ಮುಳುಗಿತು.

ಒಪ್ಪಂದದಂತೆ ಬರೋಡದಲ್ಲಿ ಕೆಲಸಕ್ಕೆ ಸೇರಿದರೆ ಉಳಿಯಲು ಕೋಣೆ ಸಿಗಲಿಲ್ಲ. ಬೇರೆ ಹೆಸರು ಹೇಳಿ ಒಂದು ಪಾರ್ಸಿ ವಸತಿಗೃಹದಲ್ಲಿ ಇದ್ದರು. ಗುಟ್ಟು ಬಯಲಾದಾಗ ದೊಣ್ಣೆ ಹಿಡಿದ ಗುಂಪು ಬಂದು ಹೊರಹಾಕಿತು. ಕೊಲಂಬಿಯಾದಲ್ಲಿ ಓದಿ ಬಂದ ಆ ಯುವಕ ಊರಿನ ಉದ್ಯಾನದಲ್ಲಿ ಹೊತ್ತು ಕಳೆದು ಮುಂಬಯಿಗೆ ರೈಲು ಹತ್ತಿದರು.

1918ರಲ್ಲಿ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕ ಹುದ್ದೆ ಸಿಕ್ಕಿತು. ಅದೇ ವರ್ಷ ಭಾರತದ ಸಣ್ಣ ಹಿಡುವಳಿಗಳ ಬಗ್ಗೆ ಅವರ ಲೇಖನ ಇಂಡಿಯನ್ ಎಕನಾಮಿಕ್ ಸೊಸೈಟಿಯ ಜರ್ನಲ್‌ನಲ್ಲಿ ಪ್ರಕಟವಾಯಿತು. ಹೊಲ ಚೂರುಚೂರಾದದ್ದೊಂದೇ ರೋಗವಲ್ಲ, ಭೂಮಿಯ ಮೇಲೆ ಹೊಟ್ಟೆ ಹೊರೆಯುವವರು ವಿಪರೀತ ಹೆಚ್ಚಾದದ್ದು ಮೂಲ ಕಾರಣ, ಅದಕ್ಕೆ ಕೈಗಾರಿಕೆ ಬೆಳೆಯಬೇಕು ಎಂಬುದು ಅದರ ವಾದ. ಅಣ್ಣತಮ್ಮಂದಿರ ಪಾಲಿನಲ್ಲಿ ಗುಂಟೆ ಲೆಕ್ಕಕ್ಕೆ ಇಳಿದ ಹೊಲ ನೋಡಿದ ನಮ್ಮ ಕಡೆಯವರಿಗೆ ಇದು ಇವತ್ತಿಗೂ ಅರ್ಥವಾಗುವ ಮಾತು.

1920ರ ಮಾರ್ಚ್‌ನಲ್ಲಿ ಕೊಲ್ಲಾಪುರ ಸೀಮೆಯ ಮಾಣಗಾಂವ್‌ನಲ್ಲಿ ನಡೆದ ಪರಿಷತ್ತಿನಲ್ಲಿ ಶಾಹೂ ಮಹಾರಾಜರು ಅಂಬೇಡ್ಕರ್ ಅವರನ್ನು ಮುಂದಿನ ನಾಯಕನೆಂದು ಜನರ ಮುಂದೆ ತೋರಿಸಿದರು. ಆ ಊರು ನಿಪ್ಪಾಣಿಯಿಂದ ದೂರವಲ್ಲ. ಇವತ್ತಿನ ರಾಯಬಾಗ ಆಗ ಇದೇ ಶಾಹೂ ಮಹಾರಾಜರ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಕಾಲೇಜಿನ ಸಂಬಳದ ಉಳಿತಾಯ, ಗೆಳೆಯ ನವಲ್ ಭತೇನಾ ಕೊಟ್ಟ ಸಾಲ, ಮಹಾರಾಜರ ನೆರವು, ಇವಿಷ್ಟನ್ನು ಕಟ್ಟಿಕೊಂಡು 1920ರಲ್ಲಿ ಅಂಬೇಡ್ಕರ್ ಮತ್ತೆ ಲಂಡನ್ನಿಗೆ ಹೊರಟರು.

ರೂಪಾಯಿಯ ಸಮಸ್ಯೆ

ಲಂಡನ್ನಿನ ದಿನಗಳು ಅರೆಹೊಟ್ಟೆಯ ದಿನಗಳು. ಬ್ರಿಟಿಷ್ ಮ್ಯೂಸಿಯಂನ ಗ್ರಂಥಾಲಯ ಬಾಗಿಲು ತೆರೆಯುವ ಹೊತ್ತಿಗೆ ಒಳಗೆ ಹೋದರೆ ಮುಚ್ಚುವ ತನಕ ಅಲ್ಲೇ ಓದು. ಅತ್ತ ಮುಂಬಯಿಯಲ್ಲಿ ಪತ್ನಿ ರಮಾಬಾಯಿ ಬಹಳ ಕಡಿಮೆ ಹಣದಲ್ಲಿ ಸಂಸಾರ ತೂಗಿಸುತ್ತಿದ್ದರು. 1921ರಲ್ಲಿ ಎಂ.ಎಸ್ಸಿ. ಪದವಿ ಬಂತು. 1922ರ ಮೇ ತಿಂಗಳಲ್ಲಿ ಶಾಹೂ ಮಹಾರಾಜರು ತೀರಿಕೊಂಡರು. ಆಸರೆಯ ಒಂದು ಕಂಬ ಕಳಚಿತು. ಇಷ್ಟರ ನಡುವೆ ಡಿ.ಎಸ್ಸಿ. ಪದವಿಗಾಗಿ ಅವರು ಬರೆಯುತ್ತಿದ್ದ ಪ್ರಬಂಧದ ಹೆಸರು 'ದಿ ಪ್ರಾಬ್ಲಮ್ ಆಫ್ ದಿ ರುಪೀ', ಅಂದರೆ ರೂಪಾಯಿಯ ಸಮಸ್ಯೆ.

ಅದರಲ್ಲಿ ಏನಿತ್ತು ಎಂದು ಸರಳವಾಗಿ ಹೇಳುತ್ತೇವೆ. 1893ರವರೆಗೆ ಯಾರು ಬೇಕಾದರೂ ಬೆಳ್ಳಿ ತಂದು ಸರ್ಕಾರದ ಟಂಕಸಾಲೆಯಲ್ಲಿ ರೂಪಾಯಿ ನಾಣ್ಯ ಮಾಡಿಸಿಕೊಳ್ಳಬಹುದಿತ್ತು. ಜಗತ್ತಿನಲ್ಲಿ ಬೆಳ್ಳಿಯ ಬೆಲೆ ಬಿದ್ದ ಹಾಗೆ ರೂಪಾಯಿಯ ಬೆಲೆಯೂ ಬಿತ್ತು. ಲಂಡನ್ನಿಗೆ ಚಿನ್ನದ ಲೆಕ್ಕದಲ್ಲಿ ಹಣ ಕಟ್ಟಬೇಕಿದ್ದ ಭಾರತ ಸರ್ಕಾರಕ್ಕೆ ಹೊರೆ ಏರಿತು. ಹಾಗಾಗಿ 1893ರಲ್ಲಿ ಟಂಕಸಾಲೆಯ ಬಾಗಿಲನ್ನು ಜನರಿಗೆ ಮುಚ್ಚಲಾಯಿತು. ಅಲ್ಲಿಂದ ಮುಂದೆ ಎಷ್ಟು ರೂಪಾಯಿ ಹೊರಡಿಸಬೇಕು ಎಂಬುದು ಸರ್ಕಾರದ ಕೈಗೆ ಬಂತು. ಇಂಗ್ಲೆಂಡಿನ ಹೆಸರಾಂತ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ 1913ರಲ್ಲಿ ಬರೆದ ಪುಸ್ತಕದಲ್ಲಿ ಈ ವ್ಯವಸ್ಥೆಯನ್ನು ಮೆಚ್ಚಿಕೊಂಡಿದ್ದರು.

ಅಂಬೇಡ್ಕರ್ ಒಪ್ಪಲಿಲ್ಲ. ಹೊರಡಿಸುವುದಕ್ಕೆ ಮಿತಿ ಇಲ್ಲದಿದ್ದರೆ ರೂಪಾಯಿ ಅತಿಯಾಗುತ್ತದೆ, ಅತಿಯಾದರೆ ಸಾಮಾನಿನ ಬೆಲೆ ಏರುತ್ತದೆ, ಅದರ ಪೆಟ್ಟು ಕೂಲಿ ಸಂಬಳದವರಿಗೆ ಬೀಳುತ್ತದೆ ಎಂಬುದು ಅವರ ವಾದ. ಪೌಂಡಿಗೆ ರೂಪಾಯಿಯ ವಿನಿಮಯ ಎಷ್ಟು ಎಂಬುದಕ್ಕಿಂತ ಸಂತೆಯಲ್ಲಿ ಒಂದು ರೂಪಾಯಿಗೆ ಎಷ್ಟು ಜೋಳ ಬರುತ್ತದೆ ಎಂಬುದು ಸ್ಥಿರವಾಗಿರಬೇಕು, ಹೀಗೆ ಅದನ್ನು ನಮ್ಮ ಮಾತಿನಲ್ಲಿ ಹೇಳಬಹುದು. ಇದಕ್ಕೆ ಅವರು ಬರೀ ಅಭಿಪ್ರಾಯ ಬರೆದು ಕೈ ತೊಳೆದುಕೊಳ್ಳಲಿಲ್ಲ. ಸರ್ಕಾರಿ ವರದಿಗಳನ್ನು, ಹಣದ ಇತಿಹಾಸವನ್ನು, ಬೆಲೆಗಳ ಅಂಕಿಗಳನ್ನು ಒಂದೊಂದಾಗಿ ಜೋಡಿಸಿದರು.

ತಿರಸ್ಕಾರ ಬಂದದ್ದು ನಿಜ, ಕಾರಣ?

1923ರ ಮೊದಲ ತಿಂಗಳುಗಳಲ್ಲಿ ಪರೀಕ್ಷಕರು ಆ ಪ್ರಬಂಧವನ್ನು ಇದ್ದ ರೂಪದಲ್ಲಿ ಸ್ವೀಕರಿಸಲಿಲ್ಲ. ಇಷ್ಟು ನಿಜ. ಫಾರ್ವರ್ಡ್ ಇಲ್ಲಿಯವರೆಗೆ ಸರಿ.

ಬ್ರಿಟಿಷರ ವಿರುದ್ಧ ಬರೆದದ್ದಕ್ಕೇ ತಿರಸ್ಕರಿಸಿದರು ಎಂಬ ಮಾತು ಬಹಳ ಹಳೆಯದು, ಜೀವನ ಚರಿತ್ರೆಗಳಲ್ಲೂ ಸಿಗುತ್ತದೆ. ಆದರೆ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಇವತ್ತಿಗೂ ಇರುವ ಅವರ ವಿದ್ಯಾರ್ಥಿ ಕಡತದಲ್ಲಿ ಅಂಥ ಕಾರಣದ ಸುಳಿವಿಲ್ಲ ಎಂದು ಆ ಸಂಸ್ಥೆಯ ಇತಿಹಾಸ ಬರೆದವರು ಹೇಳಿದ್ದಾರೆ. ಕಡತದಲ್ಲಿ ಇಲ್ಲ ಎಂದ ಮಾತ್ರಕ್ಕೆ ಪರೀಕ್ಷಕರ ಮನಸ್ಸಿನಲ್ಲಿ ಏನೂ ಇರಲಿಲ್ಲ ಎಂದೂ ಹೇಳಲಾಗದು. ಬ್ರಿಟಿಷರ ಹಣಕಾಸು ನೀತಿಯನ್ನು ಪ್ರಬಂಧ ಖಂಡಿಸಿದ್ದು ಸತ್ಯವೇ. ಆದರೂ ಸರ್ಕಾರ ನಡುಗಿತು, ನಿಷೇಧಿಸಿತು ಎಂಬಂಥ ವಾಕ್ಯಗಳಿಗೆ ಆಧಾರವಿಲ್ಲ. ಯಾಕಿಲ್ಲ ಎಂಬುದು ಮುಂದೆ ನಡೆದದ್ದನ್ನು ನೋಡಿದರೆ ತಿಳಿಯುತ್ತದೆ.

ಆ ಹೊತ್ತಿನಲ್ಲಿ ಅಂಬೇಡ್ಕರ್ ಅವರ ಸ್ಥಿತಿ ನೋಡಿ. ವಯಸ್ಸು 32ರ ಹತ್ತಿರ. ಮನೆಯಲ್ಲಿ ಹೆಂಡತಿ, ಮಗು. ತಲೆಯ ಮೇಲೆ ಸಾಲ. ಕೈಯಲ್ಲಿದ್ದ ಹಣ ಮುಗಿದಿತ್ತು, ಲಂಡನ್ನಿನಲ್ಲಿ ಕೂತು ತಿದ್ದಲು ಸಾಧ್ಯವಿರಲಿಲ್ಲ. 1923ರ ಏಪ್ರಿಲ್‌ನಲ್ಲಿ ಪದವಿ ಇಲ್ಲದೆಯೇ ಮುಂಬಯಿಗೆ ಮರಳಿದರು. ಹೊಟ್ಟೆಪಾಡಿಗೆ ಹೈಕೋರ್ಟಿನಲ್ಲಿ ವಕೀಲಿ ಶುರು ಮಾಡಬೇಕಿತ್ತು. ಅದರ ಸನದಿಗೂ ಗೆಳೆಯನ ನೆರವೇ ಬೇಕಾಯಿತು.

ಅವರು ಮುನಿಸಿಕೊಂಡು ಪ್ರಬಂಧವನ್ನು ಪೆಟ್ಟಿಗೆಯಲ್ಲಿ ಇಡಲಿಲ್ಲ. ಸುಲಭದ ಬೇರೊಂದು ವಿಷಯ ಹುಡುಕಲಿಲ್ಲ. ಮುಂಬಯಿಯಲ್ಲಿ ಕೂತು ತಿದ್ದಿ ಬರೆದು ಅದೇ ವರ್ಷ ಆಗಸ್ಟ್‌ನಲ್ಲಿ ಮತ್ತೆ ಸಲ್ಲಿಸಿದರು. ನವೆಂಬರ್‌ನಲ್ಲಿ ಅದು ಸ್ವೀಕೃತವಾಯಿತು. ಡಿಸೆಂಬರ್‌ನಲ್ಲಿ ಲಂಡನ್ನಿನ ಪಿ.ಎಸ್. ಕಿಂಗ್ ಪ್ರಕಾಶನ ಅದನ್ನು ಪುಸ್ತಕವಾಗಿ ಹೊರತಂದಿತು. ಲಂಡನ್ನಿನಲ್ಲೇ ಅಚ್ಚಾಗಿ ಮಾರಾಟಕ್ಕೆ ಬಂದ ಪುಸ್ತಕವನ್ನು ಬ್ರಿಟಿಷರು ಹೆದರಿ ಹೂತುಹಾಕಿದರು ಎನ್ನುವುದು ಹೇಗೆ?

ಮಾತು ಗಟ್ಟಿಯಾಯಿತು, ನಿಲುವು ಬದಲಾಗಲಿಲ್ಲ

ಈ ಕಥೆಯಲ್ಲಿ ನಮಗೆ ಬಹಳ ಮುಖ್ಯವೆನಿಸುವುದು ಇದು. ತಿದ್ದಿದ ಪ್ರಬಂಧದಲ್ಲೂ ಅಂಬೇಡ್ಕರ್ ಅವರ ನಿರ್ಣಯ ಮೊದಲಿನದೇ. ಸರ್ಕಾರದ ಹಣ ನೀತಿ ತಪ್ಪು ಎಂಬ ಮಾತನ್ನು ಅವರು ಮೃದು ಮಾಡಲಿಲ್ಲ, ಕೇನ್ಸ್ ಜೊತೆಗಿನ ಭಿನ್ನಾಭಿಪ್ರಾಯವನ್ನು ಮುಚ್ಚಿಡಲಿಲ್ಲ.

ಹಾಗೆಂದು ಟೀಕೆಗೆ ಕಿವಿಗೊಡಲಿಲ್ಲ ಎಂದಲ್ಲ. ಅವರ ಗುರು ಎಡ್ವಿನ್ ಕ್ಯಾನನ್ ಬಹಳ ಕಟ್ಟುನಿಟ್ಟಿನ ಮನುಷ್ಯ. ತನ್ನ ಸಿದ್ಧಾಂತದ ಭಾಗವನ್ನು ಗುರುಗಳು ನಿಷ್ಠುರವಾಗಿ ಪರೀಕ್ಷಿಸಿದ್ದರಿಂದ ಎಷ್ಟೋ ತಪ್ಪುಗಳಿಂದ ಪಾರಾದೆ ಎಂಬರ್ಥದಲ್ಲಿ ಅಂಬೇಡ್ಕರ್ ಪುಸ್ತಕದ ಮೊದಲಲ್ಲೇ ಕೃತಜ್ಞತೆ ಸಲ್ಲಿಸಿದ್ದಾರೆ. ಅದೇ ಕ್ಯಾನನ್ ಪುಸ್ತಕಕ್ಕೆ ಮುನ್ನುಡಿ ಬರೆದರು. ಆ ಮುನ್ನುಡಿಯಲ್ಲಿ ಶಿಷ್ಯನ ಕೆಲವು ವಾದಗಳನ್ನು ತಾನು ಒಪ್ಪುವುದಿಲ್ಲ ಎಂದೂ ಹೇಳಿದರು, ಅವುಗಳಲ್ಲಿರುವ ಹೊಸತನವನ್ನು ಮೆಚ್ಚಿದರು ಕೂಡ. ತನ್ನನ್ನು ಪೂರ್ತಿ ಒಪ್ಪದ ಮುನ್ನುಡಿಯನ್ನು ಅಂಬೇಡ್ಕರ್ ತಮ್ಮ ಪುಸ್ತಕದಲ್ಲಿ ಅಚ್ಚು ಹಾಕಿಸಿಕೊಂಡರು.

ಪರೀಕ್ಷಕ ನಿಮ್ಮನ್ನು ಒಪ್ಪಲೇಬೇಕೆಂದಿಲ್ಲ. ನಿಮ್ಮ ವಾದ ನಿಲ್ಲುತ್ತದೆ ಎಂದು ಅವನಿಗೆ ಮನವರಿಕೆಯಾದರೆ ಸಾಕು. ವಿದ್ವತ್ತಿನ ಲೋಕ ಚೆನ್ನಾಗಿ ನಡೆದಾಗ ನಡೆಯುವುದು ಹೀಗೆ.

ಎಂಟು ವರ್ಷದ ಓದನ್ನು ಎರಡು ವರ್ಷ ಮೂರು ತಿಂಗಳಲ್ಲಿ ಮುಗಿಸಿದರು ಎಂಬ ಸಂದೇಶಕ್ಕೆ ಉತ್ತರವೂ ಇಲ್ಲೇ ಇದೆ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಅವರು ಮೊದಲು ಸೇರಿದ್ದು 1916ರಲ್ಲಿ, ಡಿ.ಎಸ್ಸಿ. ಆದದ್ದು 1923ರಲ್ಲಿ. ಏಳು ವರ್ಷ. ಕೊಲಂಬಿಯಾದ ಪಿಎಚ್.ಡಿ. ಇನ್ನೂ ತಡವಾಯಿತು. ಅಲ್ಲಿ ಪ್ರಬಂಧ ಮುದ್ರಿಸಿ ಪ್ರತಿ ಕೊಟ್ಟ ಮೇಲೆಯೇ ಪದವಿ ಎಂಬ ನಿಯಮವಿತ್ತು. 1916ರ ಸುಮಾರಿಗೆ ಸಿದ್ಧವಾಗಿದ್ದ ಕೆಲಸವನ್ನು ಬೆಳೆಸಿ, ಬ್ರಿಟಿಷ್ ಭಾರತದ ಪ್ರಾಂತೀಯ ಹಣಕಾಸಿನ ಬಗೆಗಿನ ಪುಸ್ತಕವಾಗಿ 1925ರಲ್ಲಿ ಹೊರತಂದರು. ಸೆಲಿಗ್ಮನ್ ಅದಕ್ಕೆ ಮುನ್ನುಡಿ ಬರೆದರು. ಪದವಿ ಅಧಿಕೃತವಾಗಿ ಬಂದದ್ದು 1927ರಲ್ಲಿ, ಅಂದರೆ ಅಮೆರಿಕ ಬಿಟ್ಟ 11 ವರ್ಷಗಳ ಮೇಲೆ. ಪವಾಡದ ವೇಗದ ಕಥೆ ಕೇಳಲು ಚೆಂದ. ಆದರೆ ಆರನೇ ವರ್ಷದಲ್ಲಿ ಪಿಎಚ್.ಡಿ. ಮುಗಿಯದೆ ಒದ್ದಾಡುತ್ತಿರುವ ಹುಡುಗಿಗೆ ಧೈರ್ಯ ಕೊಡುವುದು ನಿಜವಾದ ಈ ಲೆಕ್ಕ.

ನಿಪ್ಪಾಣಿಗೆ ಬಂದ ಡಾಕ್ಟರ್

ಪುಸ್ತಕ ಹೊರಬಂದು ಒಂದೂವರೆ ವರ್ಷವೂ ಆಗಿರಲಿಲ್ಲ. 1925ರ ಏಪ್ರಿಲ್‌ನಲ್ಲಿ ನಿಪ್ಪಾಣಿಯಲ್ಲಿ ಮುಂಬಯಿ ಪ್ರಾಂತದ ಬಹಿಷ್ಕೃತ ವರ್ಗಗಳ ಪರಿಷತ್ತು ಸೇರಿತು. ಅಧ್ಯಕ್ಷತೆ ಡಾ. ಅಂಬೇಡ್ಕರ್ ಅವರದು. ಆಗ ನಿಪ್ಪಾಣಿ ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯಲ್ಲಿತ್ತು. ಹಿಂದಿನ ವರ್ಷವಷ್ಟೇ ಅವರು ಬಹಿಷ್ಕೃತ ಹಿತಕಾರಿಣಿ ಸಭೆ ಕಟ್ಟಿದ್ದರು. ಶಿಕ್ಷಣ, ವಸತಿ ನಿಲಯ, ವಾಚನಾಲಯ ಅದರ ಮೊದಲ ಕೆಲಸಗಳು.

ಆ ಸಭೆಗೆ ಬಂದ ಜನರಲ್ಲಿ ಬಹುಪಾಲು ಜನರಿಗೆ ಓದು ಬಾರದು. ಎದುರಿಗೆ ನಿಂತ ಮನುಷ್ಯ ಎರಡು ಖಂಡಗಳಲ್ಲಿ ಓದಿದವನು, ಅವನ ಪ್ರಬಂಧವೂ ಒಮ್ಮೆ ವಾಪಸು ಬಂದಿತ್ತು. ನೂರು ವರ್ಷದ ಮೇಲೆ ಅದೇ ಊರುಗಳಿಂದ ಬಸ್ಸು ಹತ್ತಿ ಬೆಳಗಾವಿ, ಧಾರವಾಡ, ಕೊಲ್ಲಾಪುರಕ್ಕೆ ಸಂಶೋಧನೆಗೆ ಹೋಗುವ ಮಕ್ಕಳಿದ್ದಾರೆ. ನಮ್ಮ ನೆಲಕ್ಕೆ ಈ ಕಥೆ ಹೊರಗಿನದಲ್ಲ.

ರಿಸರ್ವ್ ಬ್ಯಾಂಕ್ ಮತ್ತು ಇನ್ನೊಂದು ಫಾರ್ವರ್ಡ್

1925ರ ಡಿಸೆಂಬರ್‌ನಲ್ಲಿ ಹಿಲ್ಟನ್ ಯಂಗ್ ಆಯೋಗ ಎಂದು ಹೆಸರಾದ ರಾಯಲ್ ಕಮಿಷನ್ ಮುಂದೆ ಅಂಬೇಡ್ಕರ್ ಸಾಕ್ಷ್ಯ ಹೇಳಿದರು. ವಿಷಯ ಅದೇ, ಭಾರತದ ಹಣ ವ್ಯವಸ್ಥೆ. ಆ ಆಯೋಗ 1926ರಲ್ಲಿ ಕೇಂದ್ರ ಬ್ಯಾಂಕ್ ಬೇಕೆಂದು ಶಿಫಾರಸು ಮಾಡಿತು. 1934ರಲ್ಲಿ ಕಾಯ್ದೆ ಆಯಿತು, 1935ರ ಏಪ್ರಿಲ್ 1ರಂದು ರಿಸರ್ವ್ ಬ್ಯಾಂಕ್ ಶುರುವಾಯಿತು.

ಪ್ರಬಂಧದಿಂದಲೇ ಬ್ಯಾಂಕ್ ಹುಟ್ಟಿತು ಎನ್ನುವುದು ಎಳೆದು ಹೇಳಿದ ಮಾತು. ಪ್ರಬಂಧದ ವಿಷಯ ರೂಪಾಯಿಗೆ ಯಾವ ಆಧಾರ ಇರಬೇಕು ಎಂಬುದು, ಬ್ಯಾಂಕಿನ ನಕ್ಷೆಯಲ್ಲ. ಆಯೋಗ ಅನೇಕ ಸಾಕ್ಷಿಗಳನ್ನು ಕೇಳಿತು. ಆದರೆ ನಿಜ ಇದಕ್ಕಿಂತ ಸಣ್ಣದೇನೂ ಅಲ್ಲ. ಎರಡೂವರೆ ವರ್ಷದ ಹಿಂದೆ ತಿರಸ್ಕೃತವಾಗಿದ್ದ ವಾದವನ್ನು ಸಾಮ್ರಾಜ್ಯದ ಆಯೋಗವೊಂದು ಕೂತು ಕೇಳಬೇಕಾಯಿತು.

1936: ಬೇರೆ ಬಗೆಯ ತಿರಸ್ಕಾರ

ಅಂಬೇಡ್ಕರ್ ಅವರ ಬರಹ ಇನ್ನೊಮ್ಮೆ ತಿರಸ್ಕೃತವಾಯಿತು, ಆಗ ಅವರು ನಡೆದುಕೊಂಡದ್ದೇ ಬೇರೆ. ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲ ಎಂಬ ಸಂಸ್ಥೆ 1936ರ ತನ್ನ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರಾಗಿ ಕರೆದಿತ್ತು. ಭಾಷಣದ ಪ್ರತಿ ನೋಡಿ ಕೆಲವು ಭಾಗ ಕೈಬಿಡಿ ಎಂದಿತು. ಅಂಬೇಡ್ಕರ್ ಒಂದು ಅಲ್ಪವಿರಾಮವನ್ನೂ ಬದಲಿಸಲು ಒಪ್ಪಲಿಲ್ಲ. ಸಮ್ಮೇಳನ ರದ್ದಾಯಿತು. ಅವರು ಅದೇ ಮೇ ತಿಂಗಳಲ್ಲಿ ಸ್ವಂತ ಖರ್ಚಿನಿಂದ 1,500 ಪ್ರತಿ ಅಚ್ಚು ಹಾಕಿಸಿದರು. ಅದೇ 'ಅನೈಹಿಲೇಷನ್ ಆಫ್ ಕಾಸ್ಟ್', ಕನ್ನಡದಲ್ಲಿ ಜಾತಿ ವಿನಾಶ ಎಂದು ನಮಗೆಲ್ಲ ಗೊತ್ತಿರುವ ಕೃತಿ.

1923ರಲ್ಲಿ ತಿದ್ದಿದರು, 1936ರಲ್ಲಿ ತಿದ್ದಲಿಲ್ಲ. ಯಾಕೆ? ಮೊದಲನೆಯದರಲ್ಲಿ ವಾದವನ್ನು ಮತ್ತೆ ಕಟ್ಟಿಕೊಂಡು ಬರಲು ದಾರಿ ಇತ್ತು. ಎರಡನೆಯದರಲ್ಲಿ ವಾದವನ್ನೇ ಬಿಡು ಎಂದರು. ತಿರಸ್ಕಾರದ ಪತ್ರ ಕೈಗೆ ಬಂದಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದೇ. ಇವರು ಕೇಳುತ್ತಿರುವುದು ಪುರಾವೆಯನ್ನೋ, ಮೌನವನ್ನೋ? ಜರ್ನಲ್‌ಗಳಿಂದ ಬರುವ ಪತ್ರಗಳಲ್ಲಿ ಸಾಮಾನ್ಯವಾಗಿ ಕೇಳುವುದು ಮೊದಲನೆಯದನ್ನೇ.

ತಿರಸ್ಕೃತವಾದದ್ದೆಲ್ಲ ಮಹಾಕೃತಿಯೇ?

ಅಲ್ಲ. ಇಲ್ಲೂ ಫಾರ್ವರ್ಡ್‌ಗಳು ದಾರಿ ತಪ್ಪಿಸುತ್ತವೆ. ಹ್ಯಾನ್ಸ್ ಕ್ರೆಬ್ಸ್ ಅವರ ಸಿಟ್ರಿಕ್ ಆಮ್ಲ ಚಕ್ರದ ಲೇಖನವನ್ನು 1937ರಲ್ಲಿ 'ನೇಚರ್' ಪತ್ರಿಕೆ ತೆಗೆದುಕೊಳ್ಳಲಿಲ್ಲ, 1953ರಲ್ಲಿ ಅವರಿಗೆ ನೊಬೆಲ್ ಬಂತು. ಜಾರ್ಜ್ ಅಕರ್ಲಾಫ್ ಅವರ ಹಳೆ ಕಾರು ಮಾರುಕಟ್ಟೆಯ ಲೇಖನವನ್ನು ಮೂರು ಜರ್ನಲ್‌ಗಳು ತಳ್ಳಿಹಾಕಿದವು. ಅದು 1970ರಲ್ಲಿ ಅಚ್ಚಾಗಿ, 2001ರಲ್ಲಿ ನೊಬೆಲ್ ತಂದಿತು. ಇವೆರಡೂ ನಿಜ. ಆದರೆ 1936ರಲ್ಲಿ ಐನ್‌ಸ್ಟೈನ್ ಗುರುತ್ವ ಅಲೆಗಳೇ ಇಲ್ಲ ಎಂಬ ಅರ್ಥದ ಲೇಖನವನ್ನು 'ಫಿಸಿಕಲ್ ರಿವ್ಯೂ'ಗೆ ಕಳಿಸಿದ್ದೂ ನಿಜ. ಪರಿಶೀಲಕರು ತಪ್ಪು ತೋರಿಸಿದಾಗ ಅವರು ಸಿಟ್ಟಿನಿಂದ ಲೇಖನ ಹಿಂದಕ್ಕೆ ತೆಗೆದುಕೊಂಡರು. ಕೊನೆಗೆ ಬೇರೆ ಜರ್ನಲ್‌ನಲ್ಲಿ ನಿರ್ಣಯ ಬದಲಿಸಿಯೇ ಪ್ರಕಟಿಸಿದರು. ಅಲ್ಲಿ ಸರಿ ಇದ್ದದ್ದು ಪರಿಶೀಲಕರು. ಅಂದರೆ ತಿರಸ್ಕಾರ ಪ್ರತಿಭೆಗೆ ಸಾಕ್ಷಿಯಲ್ಲ, ದಡ್ಡತನಕ್ಕೂ ಸಾಕ್ಷಿಯಲ್ಲ. ಆ ಪ್ರತಿ ಆ ದಿನ ಆ ಕೈಗಳಿಗೆ ಸಾಲಲಿಲ್ಲ, ಅಷ್ಟೇ ಅದರ ಅರ್ಥ.

ನಿಮ್ಮ ಲೇಖನ ವಾಪಸು ಬಂದರೆ

ಮೊದಲು ಪತ್ರ ಓದಿ ಮುಚ್ಚಿಡಿ. ಅದೇ ರಾತ್ರಿ ಉತ್ತರ ಬರೆಯಬೇಡಿ. ಎರಡು ಮೂರು ದಿನ ಕಳೆದ ಮೇಲೆ ಮತ್ತೆ ತೆರೆದು, ಪ್ರತಿಯೊಂದು ಟೀಕೆಯನ್ನೂ ಸಾಲಾಗಿ ಬರೆದುಕೊಳ್ಳಿ. ಎದುರಿಗೆ ಮೂರರಲ್ಲಿ ಒಂದು ಗುರುತು ಹಾಕಿ: ಇದು ಸರಿ, ತಿದ್ದುತ್ತೇನೆ. ಇದು ನಾನು ಸ್ಪಷ್ಟವಾಗಿ ಬರೆಯದ್ದರಿಂದ ಬಂದ ಗೊಂದಲ. ಇದನ್ನು ನಾನು ಒಪ್ಪುವುದಿಲ್ಲ, ಕಾರಣ ಇಂಥದು. ಮೊದಲೆರಡು ಗುರುತುಗಳೇ ಹೆಚ್ಚಾಗಿದ್ದರೆ ಗಾಬರಿ ಬೇಡ, ಕೆಲಸ ಎಲ್ಲಿದೆ ಎಂದು ತಿಳಿದಂತಾಯಿತು.

ನಿಮ್ಮ ಲೇಖನದ ವಿಷಯ ಈ ಜರ್ನಲ್‌ನ ವ್ಯಾಪ್ತಿಗೆ ಬರುವುದಿಲ್ಲ ಎಂದಷ್ಟೇ ಇದ್ದರೆ ಅದು ಗುಣದ ತೀರ್ಪಲ್ಲ. ಸರಿಯಾದ ಬಾಗಿಲು ಹುಡುಕಿ. ತಿದ್ದಿ ಮತ್ತೆ ಕಳಿಸಿ ಎಂದಿದ್ದರೆ ಅದು ತಿರಸ್ಕಾರವೇ ಅಲ್ಲ, ಆಹ್ವಾನ.

ಮೂರು ದಿನದ ಜರ್ನಲ್‌ಗಳಿಂದ ದೂರವಿರಿ. ನಿಜವಾದ ಪರಿಶೀಲನೆಗೆ ಸಾಮಾನ್ಯವಾಗಿ ವಾರಗಳು, ತಿಂಗಳುಗಳು ಬೇಕು. ಐಎಸ್‌ಎಸ್‌ಎನ್ ಸಂಖ್ಯೆ ಇದೆ ಎಂದ ಮಾತ್ರಕ್ಕೆ ಜರ್ನಲ್ ಒಳ್ಳೆಯದೆಂದಲ್ಲ, ಅದು ಪತ್ರಿಕೆಯನ್ನು ಗುರುತಿಸುವ ನಂಬರ್ ಮಾತ್ರ. ಯುಜಿಸಿ ಕೇರ್ ಪಟ್ಟಿಯಲ್ಲಿದ್ದೇವೆ ಎಂದು ಈಗಲೂ ಸಂದೇಶ ಬಂದರೆ ಎಚ್ಚರ, ಆ ಪಟ್ಟಿಯನ್ನು ಯುಜಿಸಿ 2025ರ ಫೆಬ್ರವರಿಯಲ್ಲಿ ನಿಲ್ಲಿಸಿದೆ. ಯುಜಿಸಿಯ 2022ರ ನಿಯಮಗಳಲ್ಲಿ ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಮೊದಲು ಜರ್ನಲ್ ಲೇಖನ ಕಡ್ಡಾಯ ಎಂಬುದೂ ಇಲ್ಲ. ನಿಮ್ಮ ವಿಶ್ವವಿದ್ಯಾಲಯದ ನಿಯಮ ಬೇರೆ ಇರಬಹುದು, ಹಣ ಕಟ್ಟುವ ಮೊದಲು ಅಲ್ಲಿ ಕೇಳಿ. ಎಂದೂ ತಿರಸ್ಕರಿಸದ ಜರ್ನಲ್ ನಿಮ್ಮ ಲೇಖನವನ್ನು ಓದಿಯೂ ಇರುವುದಿಲ್ಲ.

ಕೊನೆಯದಾಗಿ, ಪತ್ರ ಬಂದ ಮೇಲೆ ನಿದ್ದೆ ಊಟ ಬಿಟ್ಟು ವಾರಗಟ್ಟಲೆ ಮಂಕಾಗಿದ್ದರೆ ಅದನ್ನು ಸಣ್ಣದೆಂದು ತಳ್ಳಿಹಾಕಬೇಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಮನೆಯವರು ಸಹ ಪೇಪರ್ ಯಾಕೆ ಬಂದಿಲ್ಲ ಎಂದು ಕೇಳುವ ಮೊದಲು ಊಟ ಆಯಿತೇ ಎಂದು ಕೇಳಿ.

ಡಾ. ಅಂಬೇಡ್ಕರ್ 1956ರ ಡಿಸೆಂಬರ್ 6ರಂದು ತೀರಿಕೊಂಡರು. 1923ರ ಆ ಪುಸ್ತಕ ಅವರು ಬದುಕಿದ್ದಾಗಲೇ, 1947ರಲ್ಲಿ, ಎರಡನೇ ಬಾರಿ ಅಚ್ಚಾಯಿತು. ಇವತ್ತಿಗೂ ಭಾರತದ ಹಣದ ಇತಿಹಾಸ ಓದುವವರು ಅದನ್ನು ತೆರೆಯುತ್ತಾರೆ. ಮುಂದಿನ ಏಪ್ರಿಲ್ 14ಕ್ಕೆ ಪದವಿಗಳ ಪಟ್ಟಿ ಫಾರ್ವರ್ಡ್ ಮಾಡುವಾಗ ಜೊತೆಗೆ ಈ ಸಾಲನ್ನೂ ಸೇರಿಸಿ: ಮೊದಲ ಸಲ ಒಪ್ಪಲಿಲ್ಲ, ಸಾಲದ ನಡುವೆ ಊರಿಗೆ ಬಂದು ತಿದ್ದಿದರು, ಅದೇ ವರ್ಷ ಮತ್ತೆ ಕಳಿಸಿದರು. ನಿಮ್ಮ ಗುಂಪಿನಲ್ಲಿ ಯಾರದೋ ಲೇಖನ ಈ ವಾರ ವಾಪಸು ಬಂದಿರಬಹುದು. ಅವರಿಗೆ ಬೇಕಾಗಿರುವುದು ಆ ಸಾಲು.